ಜೋನಿಗೊಂದು ಕಾಲ, ಮಿಡಿಗೊಂದು ಕಾಲ

ಸಂಕ್ರಾಂತಿ ಕಳೆದು ಚಳಿ ಇನ್ನೂ ಬಿಡದಿರುವ ದಿನಗಳಲ್ಲಿ ಶಿರಸಿ, ಸಿದ್ದಾಪುರ, ಸಾಗರದ ಹಳ್ಳಿಗಳ ಕಡೆ ಹೋದರೆ ಆಲೆಮನೆ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ. ಗದ್ದೆಯಂಚಿನ ಚಪ್ಪರದಿಂದೇಳುವ ಹೊಗೆ, ಕಾಯುತ್ತಿರುವ ಕಬ್ಬಿನ ಹಾಲಿನ ಪರಿಮಳ ತಾವೇ ಕರೆದೊಯ್ಯುತ್ತವೆ. ಕೋಣ ಕಟ್ಟಿ ಗಾಣ ತಿರುಗಿಸುವುದು ಈಗ ಅಪರೂಪ. ಹೆಚ್ಚಿನ ಕಡೆ ಎಂಜಿನ್ ಬಂದಿದೆ. ಕೊಪ್ಪರಿಗೆಯ ಮುಂದಿನ ಕೆಲಸ ಮಾತ್ರ ಅಂದಿನಂತೆಯೇ ಕಣ್ಣು, ಮೂಗು, ಕೈಯನ್ನು ನಂಬಿ ನಡೆಯುತ್ತಿದೆ.

ಹಾಲು ಕಾದಂತೆ ಮೇಲೆ ಕಸ ಕಟ್ಟುತ್ತದೆ. ಅದನ್ನು ಬಿಡುವಿಲ್ಲದೆ ತೆಗೆಯುತ್ತಿರಬೇಕು. ಸುಣ್ಣ ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎನ್ನುವುದು ಪಾಕ ನೋಡುವವರ ಲೆಕ್ಕ. ಹೆಚ್ಚಾದರೆ ಬೆಲ್ಲ ಕಪ್ಪು, ಕಡಿಮೆಯಾದರೆ ಹುಳಿ. ಅಚ್ಚಿಗೆ ಹಾಕುವ ಬೆಲ್ಲವನ್ನು ಸುಮಾರು 118 ಡಿಗ್ರಿವರೆಗೆ ಕಾಯಿಸಿದರೆ, ಗಟ್ಟಿಯಾಗದ ಜೋನಿ ಬೆಲ್ಲವನ್ನು 105–106 ಡಿಗ್ರಿಯ ಆಸುಪಾಸಿನಲ್ಲೇ ಇಳಿಸಬೇಕು. ಥರ್ಮಾಮೀಟರ್ ಹಿಡಿದು ನಿಲ್ಲುವ ಪದ್ಧತಿ ಇಲ್ಲಿಲ್ಲ. ಗುಳ್ಳೆಯ ಗಾತ್ರ ನೋಡುತ್ತಾರೆ, ಸೌಟಿನಿಂದ ಪಾಕ ಬೀಳುವ ಬಗೆ ನೋಡುತ್ತಾರೆ, 'ಸಾಕು, ಇಳಿಸಿ' ಎನ್ನುತ್ತಾರೆ. ಆ ಮಾತು ಸ್ವಲ್ಪ ಬೇಗ ಬಂದರೆ ಜೋನಿ ಮಳೆಗಾಲದಲ್ಲಿ ಹುಳಿಯುತ್ತದೆ. ತಡವಾದರೆ ಡಬ್ಬಿಯ ತಳದಲ್ಲಿ ಹರಳುಗಟ್ಟಿ ಕೂರುತ್ತದೆ.

ಇಂಥ ಒಂದು ಆಲೆಮನೆಯಲ್ಲಿ ನಾನು ಡಬ್ಬಿ ಮುಂದಿಟ್ಟಾಗ ಮನೆಯ ಯಜಮಾನರು ತುಂಬಿಸಿಕೊಡಲಿಲ್ಲ. ಬಾಳೆ ಎಲೆಯ ಚೂರಿನಲ್ಲಿ ಒಂದಿಷ್ಟು ಹಾಕಿ ಕೈಗೆ ಕೊಟ್ಟರು. 'ಮೊದಲು ರುಚಿ ನೋಡಿ. ಇದು ಕೆಳಗಿನ ಗದ್ದೆಯ ಕಬ್ಬಿನದ್ದು, ಸ್ವಲ್ಪ ಉಪ್ಪುಪ್ಪು ಅನಿಸುತ್ತದೆ. ಬೇಡ ಅಂದರೆ ನಾಡಿದ್ದು ಬನ್ನಿ, ಮೇಲಿನ ಗದ್ದೆಯದ್ದು ಆಡಿಸುತ್ತೇವೆ' ಎಂದರು. ಮಣ್ಣಿನ ಗುಣ ಬೆಲ್ಲಕ್ಕೆ ಇಳಿಯುತ್ತದೆ ಎಂದು ಓದಿ ತಿಳಿದಿದ್ದೆ. ನಾಲಿಗೆಗೆ ತಿಳಿದದ್ದು ಅಂದೇ. ನಿಜಕ್ಕೂ ಸಣ್ಣ ಉಪ್ಪಿನ ಸುಳಿವಿತ್ತು, ಅದರಿಂದ ಸಿಹಿ ಇನ್ನಷ್ಟು ಆಳವಾಗಿತ್ತು. ಆ ಡಬ್ಬಿಯನ್ನೇ ತುಂಬಿಸಿಕೊಂಡೆ.

ಕೈಯಡುಗೆಯ, ಮನೆಯಡುಗೆಯ ಪದಾರ್ಥಗಳನ್ನು ಹುಡುಕಿಕೊಂಡು ಹೋಗುವುದರ ಸುಖ ಇರುವುದು ಇಲ್ಲಿ ಎಂದು ನನ್ನ ನಂಬಿಕೆ. ಒಂದು ಕೊಪ್ಪರಿಗೆಯ ಜೋನಿ ಇನ್ನೊಂದರಂತೆ ಇರುವುದಿಲ್ಲ. ಇರಬೇಕು ಎಂದು ನಾವು ಹಟ ಹಿಡಿದಾಗಲೇ ಕೆಡುಕು ಶುರುವಾಗುವುದು. ಬೆಲ್ಲಕ್ಕೆ ಹೊಂಬಣ್ಣ ಬರಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವ ರೂಢಿ ಹಲವು ಕಡೆ ಬೆಳೆದದ್ದು ಹೇಗೆ? ಕೊಳ್ಳುವವರು ಬಣ್ಣ ನೋಡಿ ಬೆಲೆ ಕಟ್ಟಿದರು. ಕಂದು ಬೆಲ್ಲ ಗಾಡಿಯಲ್ಲೇ ಉಳಿಯಿತು, ಹಳದಿ ಬೆಲ್ಲ ಖರ್ಚಾಯಿತು. ಮಾಡುವವರು ಏನು ಮಾಡಿಯಾರು? ಗಾಢ ಬಣ್ಣದ ಬೆಲ್ಲವನ್ನು ಕೇಳಿ ಪಡೆಯುವ ಗಿರಾಕಿ ಹೆಚ್ಚಿದಷ್ಟೂ ರಾಸಾಯನಿಕ ಹಾಕದವರು ಉಳಿಯುತ್ತಾರೆ.

ಆಲೆಮನೆಯ ಕಾಲಕ್ಕೇ ತೊಡೆದೇವು ಮಾಡುತ್ತಾರೆ. ಪ್ಯಾಕೆಟ್‌ನಲ್ಲಿ ಇದನ್ನು ವರ್ಷವಿಡೀ ಕೊಳ್ಳಬಹುದು. ಆದರೂ ಮಾಡುವುದನ್ನು ಒಮ್ಮೆ ಪಕ್ಕದಲ್ಲಿ ಕೂತು ನೋಡಬೇಕು. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಕಬ್ಬಿನ ಹಾಲು ಬೆರೆಸಿ ತೆಳ್ಳಗೆ ಮಾಡಿಕೊಂಡಿರುತ್ತಾರೆ. ಒಲೆಯ ಮೇಲೆ ಬೋರಲು ಹಾಕಿದ ಮಡಕೆ ಕಾಯುತ್ತಿರುತ್ತದೆ. ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಮಡಕೆಯ ಬೆನ್ನಿನ ಮೇಲೆ ಸರ್ರನೆ ಎಳೆದರೆ ಹಿಟ್ಟು ಪದರವಾಗಿ ಹಿಡಿಯುತ್ತದೆ. ಅಂಚು ಎದ್ದಿತು ಎನ್ನುವಾಗ ಎಬ್ಬಿಸಿ, ಬಿಸಿಯಿರುವಾಗಲೇ ಮಡಿಸಬೇಕು. ಕ್ಷಣ ತಡವಾದರೆ ಗರಿಗರಿಯಾಗಿ ಕೈಯಲ್ಲೇ ಮುರಿಯುತ್ತದೆ. ಮಡಿಸದ ಒಂದು ಪದರದ ಹಿಂದೆ ಬೆರಳು ಹಿಡಿದರೆ ಬೆರಳಿನ ನೆರಳು ಕಾಣಿಸುತ್ತದೆ. ಬೆಂಕಿಯ ಝಳ, ಮಡಕೆಯ ಬಿಸಿ, ಹಿಟ್ಟಿನ ಹದ, ಮೂರನ್ನೂ ಒಟ್ಟಿಗೆ ನೋಡಿಕೊಳ್ಳುವ ಆ ಹೆಂಗಸರ ಕೈಗೆ ಕೂಲಿ ಕಟ್ಟಿ ನೋಡಿದರೆ ತೊಡೆದೇವಿನ ಬೆಲೆ ದುಬಾರಿ ಎನ್ನಲು ಬಾಯಿ ಬರುವುದಿಲ್ಲ. ತುಪ್ಪ ಸವರಿ, ಬಿಸಿ ಹಾಲು ಸುರಿದು ತಿನ್ನಬೇಕು.

ಆಲೆಮನೆ ಮುಗಿಯುವ ಹೊತ್ತಿಗೆ ಮಾವಿನ ಮಿಡಿಯ ಕಾಲ ಬಂದಿರುತ್ತದೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆದರೆ ಅಪ್ಪೆಮಿಡಿ ಎಂದರೆ ಒಂದು ತಳಿಯಲ್ಲ. ಅಘನಾಶಿನಿ, ಶರಾವತಿ, ವರದಾ ನದಿಗಳ ದಂಡೆಯಲ್ಲಿ ತಾವಾಗಿ ಹುಟ್ಟಿ ಬೆಳೆದ ಮರಗಳು ಒಂದೊಂದೂ ಒಂದೊಂದು ಪರಿಮಳದವು. ಕೆಲವು ಜೀರಿಗೆಯ ವಾಸನೆಯವು, ಕೆಲವು ಕರ್ಪೂರದವು. ಅನಂತಭಟ್ಟನ ಅಪ್ಪೆ, ಮಾಲಂಜಿ ಎಂದು ಜನ ಹೆಸರಿಟ್ಟು ಕರೆಯುತ್ತಾರೆ. ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯಲ್ಲಿ ಋತುವಿನಲ್ಲಿ ಮಿಡಿಯ ಸಂತೆಯೇ ನೆರೆಯುತ್ತದೆ. ವ್ಯಾಪಾರ ತೂಕದಲ್ಲಲ್ಲ, ಲೆಕ್ಕದಲ್ಲಿ. ನೂರಕ್ಕೆ ಇಷ್ಟು.

ಪಳಗಿದವರು ಕೊಳ್ಳುವ ಮೊದಲು ಒಂದು ಮಿಡಿಯ ತೊಟ್ಟು ಮುರಿದು ಸೊನೆಯನ್ನು ಮೂಸಿ ನೋಡುತ್ತಾರೆ. ಪರಿಮಳವೆಲ್ಲ ಆ ಸೊನೆಯಲ್ಲಿ. ಹಾಗಾಗಿಯೇ ತೊಟ್ಟು ಸಹಿತ ಕೊಯ್ದ ಮಿಡಿಗೇ ಬೆಲೆ. ನೆಲಕ್ಕೆ ಬಿದ್ದು ಪೆಟ್ಟಾದ ಒಂದೇ ಮಿಡಿ ಇಡೀ ಭರಣಿಯನ್ನು ಕೆಡಿಸಬಲ್ಲದು. ಮರ ಹತ್ತಿದವರು ಮಿಡಿಯನ್ನು ಕೆಳಗೆ ಎಸೆಯದೆ ಚೀಲಕ್ಕೆ ತುಂಬಿ ಹಗ್ಗದಲ್ಲಿ ಇಳಿಸಬೇಕು. ಹೊಳೆಯ ಮೇಲೆ ಚಾಚಿದ ಎತ್ತರದ ಕೊಂಬೆಗಳಲ್ಲಿ ಮಾಡುವ ಕೆಲಸ ಇದು, ಜೀವದ ಹಂಗು ತೊರೆದವರದ್ದು. ಹತ್ತಲಾರದೆ ಕೊಂಬೆಯನ್ನೇ ಕಡಿದು ಕೆಡವುವವರೂ ಇದ್ದಾರೆ. ಹಾಗೆ ಹೋದ ಒಳ್ಳೆಯ ಮರಗಳ ಬಗ್ಗೆ ಆ ಕಡೆಯವರು ಮಾತಾಡುವಾಗ ಮನೆಯವರನ್ನೇ ಕಳೆದುಕೊಂಡ ಸಂಕಟ ಕೇಳಿಸುತ್ತದೆ. ಉಳಿದ ಮರಗಳ ಕುಡಿ ತಂದು ಕಸಿ ಕಟ್ಟಿ ತೋಟದಲ್ಲಿ ಬೆಳೆಸುತ್ತಿರುವ ರೈತರಿಂದಾಗಿ ಕೆಲವು ತಳಿಗಳು ಬದುಕಿವೆ.

ಉಪ್ಪಿನಕಾಯಿಯ ಕ್ರಮ ಹೇಳಲು ಸುಲಭ, ಮಾಡಲು ತಾಳ್ಮೆ ಬೇಕು. ತೊಟ್ಟು ತುಸು ಉಳಿಸಿಕೊಂಡ ಮಿಡಿಯನ್ನು ಒರೆಸಿ, ಹರಳುಪ್ಪಿನ ಜೊತೆ ಭರಣಿಗೆ ತುಂಬಿ, ಮೇಲೆ ಭಾರ ಇಡುತ್ತಾರೆ. ಮಿಡಿ ತನ್ನ ನೀರನ್ನೆಲ್ಲ ಬಿಟ್ಟು ಚಿರುಟಬೇಕು. ಆ ಉಪ್ಪುನೀರನ್ನೇ ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ, ಒಣಮೆಣಸು ರುಬ್ಬಿ ಕಲಸುತ್ತಾರೆ. ಎಣ್ಣೆ ಇಲ್ಲ, ವಿನೆಗರ್ ಇಲ್ಲ. ಸರಿಯಾಗಿ ಮಾಡಿದ್ದು ವರ್ಷಗಟ್ಟಲೆ ಕೆಡದೆ ಇರುತ್ತದೆ. ಅಂಗಡಿಯಲ್ಲಿ ಅಪ್ಪೆಮಿಡಿ ಎಂಬ ಚೀಟಿ ಹಚ್ಚಿದ ಬಾಟಲಿಯ ಮೇಲೆ ಬೆರಳ ದಪ್ಪ ಎಣ್ಣೆ ತೇಲುತ್ತಿದ್ದರೆ ನಾನು ಅದನ್ನು ಅಲ್ಲೇ ಇಟ್ಟು ಬರುತ್ತೇನೆ. ಎಣ್ಣೆಯ ಒಗ್ಗರಣೆಯಲ್ಲಿ ಸೊನೆಯ ವಾಸನೆ ಮುಚ್ಚಿಹೋದರೆ ಆ ಮರದ ಗುರುತೇ ಉಳಿಯುವುದಿಲ್ಲ.

ಪೇಟೆಯಲ್ಲಿ ಕೂತವರಿಗೆ ಇವೆಲ್ಲ ಸಿಗುವುದು ಎಲ್ಲಿ? ಶಿರಸಿಯ ಕದಂಬ ಮಾರ್ಕೆಟಿಂಗ್ ಸಹಕಾರಿ ಸಂಸ್ಥೆ ಸುತ್ತಲಿನ ರೈತರ, ಗೃಹಿಣಿಯರ ಉತ್ಪನ್ನಗಳಿಗೆ ಮಾರುಕಟ್ಟೆ ಒದಗಿಸುತ್ತಿದೆ. ಮನೆಯಂಗಳದ ಬೀಜಗಳನ್ನು ಕಾಪಾಡುವ ಹೆಂಗಸರ ಕೂಟ 'ವನಸ್ತ್ರೀ' ನಡೆಸುವ ಮಲೆನಾಡ ಮೇಳದಲ್ಲಿ ಮಾಡಿದವರನ್ನೇ ಮಾತಾಡಿಸಿ ಕೊಳ್ಳಬಹುದು. ಹಲಸಿನ ಮೇಳಗಳಂತೂ ಈಗ ಊರೂರಲ್ಲಿ ನಡೆಯುತ್ತವೆ. ಅವುಗಳ ಹಿಂದೆ ಪುತ್ತೂರಿನಿಂದ 1988ರಿಂದ ಹೊರಡುತ್ತಿರುವ 'ಅಡಿಕೆ ಪತ್ರಿಕೆ' ಮತ್ತು ಅದರ ಸಂಪಾದಕ ಶ್ರೀ ಪಡ್ರೆಯವರ ಬಹುಕಾಲದ ಒತ್ತಾಸೆಯಿದೆ. 2021ರಲ್ಲಿ ಬಾಳೆಕಾಯಿ ಕೇಳುವವರಿಲ್ಲದೆ ಬಿದ್ದಿದ್ದಾಗ ಅವರು ಹಬ್ಬಿಸಿದ 'ಬಾಕಾಹು' ನೆನಪಿದೆಯಲ್ಲ? ಬಾಳೆಕಾಯಿ ಹೆಚ್ಚಿ, ಕಪ್ಪಾಗದಂತೆ ಗಂಜಿ ತಿಳಿಯಲ್ಲಿ ಅದ್ದಿ, ಒಣಗಿಸಿ ಹುಡಿ ಮಾಡುವ ಕೆಲಸ. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರು ಮಾಡಿದ್ದನ್ನು ನೋಡಿ ಇನ್ನೊಬ್ಬರು ಮಾಡಿದರು. ದೋಸೆ, ರೊಟ್ಟಿ, ಜಾಮೂನಿನವರೆಗೆ ಪ್ರಯೋಗ ನಡೆಯಿತು. ತಮ್ಮ ಅಡುಗೆಮನೆಯ ವಸ್ತುವನ್ನು ಹೊರಗಿನವರು ದುಡ್ಡು ಕೊಟ್ಟು ಒಯ್ಯುತ್ತಾರೆ ಎಂಬ ಧೈರ್ಯ ಎಷ್ಟೋ ಗೃಹಿಣಿಯರಿಗೆ ಹುಟ್ಟಿದ್ದು ಹಾಗೆ.

ಇದು ಮಲೆನಾಡಿನ ಮಾತಷ್ಟೇ ಅಲ್ಲ. ಹುಬ್ಬಳ್ಳಿ, ವಿಜಯಪುರ, ಕಲಬುರಗಿಯ ಓಣಿಗಳಲ್ಲಿ ಕಟಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ ಮಾರುತ್ತ ಮಕ್ಕಳನ್ನು ಓದಿಸಿದ ಅವ್ವಂದಿರಿದ್ದಾರೆ. ಗೋಕಾಕ, ಅಮೀನಗಡದ ಕರದಂಟಿನ ಅಂಗಡಿಗಳಲ್ಲಿ ಬೆಲ್ಲದ ಪಾಕ, ಅಂಟು, ಉತ್ತತ್ತಿಯ ಅಳತೆ ಮನೆತನದಿಂದ ಮನೆತನಕ್ಕೆ ಬೇರೆ. ಅವುಗಳಿಗೆ ಬೇರೆಯದೇ ಲೇಖನ ಬೇಕು.

ಕೊಳ್ಳುವಾಗ ಕರುಣೆಯಿಂದ ಕೊಳ್ಳಬೇಡಿ, ಪಟ್ಟು ಹಿಡಿದು ವಿಚಾರಿಸಿ. ಯಾವಾಗ ಮಾಡಿದ್ದು? ಈ ಸಲದ ಮಿಡಿ ಯಾವ ಕಡೆಯದ್ದು? ಜೇನಾದರೆ ತುಡುವೆಯದ್ದೋ ಹೆಜ್ಜೇನಿನದ್ದೋ? ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಇದೆಯೇ ನೋಡಿ. ಸಣ್ಣ ತಯಾರಕರಿಗೆ ನೋಂದಣಿ ಸುಲಭವೇ ಇದೆ. ಮಾಡಿಸದವರಿಗೆ ಮಾಡಿಸಿಕೊಳ್ಳಿ ಎಂದು ಹೇಳುವುದೂ ಗಿರಾಕಿಯ ಕೆಲಸವೇ. ತಾನು ಮಾಡಿದ್ದರ ಬಗ್ಗೆ ಹೆಮ್ಮೆ ಇರುವವರು ಇಂಥ ಪ್ರಶ್ನೆಗೆ ಬೇಸರ ಪಡುವುದಿಲ್ಲ, ಒಂದು ಕೇಳಿದರೆ ಹತ್ತು ಹೇಳುತ್ತಾರೆ.

ಬೇಸಿಗೆಯ ಕೊನೆಗೆ ಮುರುಗಲು ಸಿಪ್ಪೆ, ಹಲಸಿನ ಹಪ್ಪಳ ಎರಡೂ ಮಳೆಗೆ ಮೊದಲೇ ಒಣಗಬೇಕು. ಬೇಯಿಸಿ ಕುಟ್ಟಿದ ಹಲಸಿನ ಹಿಟ್ಟನ್ನು ಉಂಡೆ ಕಟ್ಟಿ, ಮಣೆಯ ನಡುವೆ ಒತ್ತಿ, ಚಾಪೆಗೆ ಹರಡುವ ಕೆಲಸಕ್ಕೆ ನೆರೆಮನೆಯವರು ಮುಯ್ಯಾಳಾಗಿ ಬರುತ್ತಾರೆ. ಇವತ್ತು ಇವರ ಮನೆ, ನಾಳೆ ಅವರ ಮನೆ. ಎಷ್ಟು ಕಾಯಿ ಕೊಯ್ಯಬೇಕು ಎನ್ನುವುದನ್ನು ಅವರು ಕೈಯಲ್ಲಿರುವ ಬೇಡಿಕೆ ನೋಡಿ ತೀರ್ಮಾನಿಸುತ್ತಾರೆ. ಜೂನ್‌ನಲ್ಲಿ ಫೋನ್ ಮಾಡಿ 'ಹಪ್ಪಳ ಉಂಟಾ ಅಕ್ಕಾ?' ಎಂದರೆ ಉಳಿದದ್ದು ಸಿಕ್ಕೀತು. ಮಾರ್ಚ್‌ನಲ್ಲೇ ನೂರೋ ಇನ್ನೂರೋ ಬೇಕೆಂದು ಹೇಳಿ, ಸಾಧ್ಯವಾದರೆ ಅರ್ಧ ದುಡ್ಡನ್ನೂ ಮುಂಗಡ ಕೊಟ್ಟಿಟ್ಟರೆ ನಿಮ್ಮ ಪಾಲಿನ ಕಾಯಿಯನ್ನು ಅವರು ಮರದಲ್ಲೇ ಎಣಿಸಿಟ್ಟುಕೊಳ್ಳುತ್ತಾರೆ.