ಕಾಲುವೆ ದಾಟಿಸುವ ಕಲ್ಲು

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ವಲ್ಲಭಾಪುರದ ಬಳಿ ಕೃಷ್ಣದೇವರಾಯ 1521ರಲ್ಲಿ ತುಂಗಭದ್ರೆಗೆ ಅಡ್ಡಗಟ್ಟೆ ಕಟ್ಟಿಸಿ, ಬಸವಣ್ಣ ಕಾಲುವೆಗೆ ನೀರು ತಿರುಗಿಸಿದ. ಕಳೆದ ಶತಮಾನದ ಐವತ್ತರ ದಶಕದಲ್ಲಿ ತುಂಗಭದ್ರಾ ಜಲಾಶಯ ತುಂಬಿದಾಗ ಅಡ್ಡಗಟ್ಟೆ ಮುಳುಗಿತು. ಕಾಲುವೆ ಉಳಿಯಿತು, ಇಂದು ಅದಕ್ಕೆ ಜಲಾಶಯದಿಂದಲೇ ನೀರು. ಕೆಳಗೆ ಹಂಪಿಯ ತುರ್ತು ಕಾಲುವೆಯೂ ಶತಮಾನಗಳಿಂದ ಭತ್ತ, ಬಾಳೆಗೆ ನೀರುಣಿಸುತ್ತಿದೆ.

ನೀರು ಹರಿದಲ್ಲೆಲ್ಲ ಮನುಷ್ಯ ದಾಟಲೇಬೇಕು. ಗ್ರಾನೈಟಿನ ಈ ನಾಡಿನಲ್ಲಿ ಅದಕ್ಕೆ ಸುಲಭದ ಉಪಾಯವೆಂದರೆ ಎರಡು ದಡಗಳ ಮೇಲೆ ಒಂದು ಚಪ್ಪಡಿ ಹಾಸುವುದು.

ಆದರೆ ಆ ಚಪ್ಪಡಿ ಎಷ್ಟು ಉದ್ದವಿರಬಹುದು? ಮೇಲೆ ಜನ ನಡೆದಾಗ ಕಲ್ಲು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ಅಡಿಭಾಗ ಹಿಗ್ಗುತ್ತದೆ. ಒತ್ತಡವನ್ನು ಗ್ರಾನೈಟ್ ಅದ್ಭುತವಾಗಿ ತಾಳುತ್ತದೆ. ಎಳೆತವನ್ನು ತಾಳುವ ಶಕ್ತಿ ಅದರ ಹತ್ತರಲ್ಲೊಂದು ಭಾಗದಷ್ಟೂ ಇರುವುದಿಲ್ಲ. ಅದಕ್ಕೇ ಬಿರುಕು ಅಡಿಯಿಂದ ಶುರುವಾಗುತ್ತದೆ. ಉಕ್ಕು ಮುರಿಯುವ ಮೊದಲು ಬಾಗಿ ಎಚ್ಚರಿಸುತ್ತದೆ, ಕಲ್ಲಿಗೆ ಆ ಗುಣವಿಲ್ಲ. ಇನ್ನೊಂದು ಕಷ್ಟ: ದಪ್ಪ ಅಷ್ಟೇ ಇಟ್ಟು ಉದ್ದ ಎರಡು ಪಟ್ಟಾದರೆ, ಚಪ್ಪಡಿಯ ಸ್ವಂತ ಭಾರದಿಂದಲೇ ಅಡಿಯ ಎಳೆತ ನಾಲ್ಕು ಪಟ್ಟಾಗುತ್ತದೆ.

ವಿಜಯನಗರದ ಕಲ್ಲುಕುಟಿಗರು ಈ ಸೂತ್ರ ಬರೆದಿಟ್ಟಿರಲಿಕ್ಕಿಲ್ಲ, ಕೈಯಲ್ಲಿ ಬಲ್ಲವರಾಗಿದ್ದರು. ಹಂಪಿಯಲ್ಲಿ ಪುರಂದರ ಮಂಟಪದ ಬಳಿ ನದಿಯಲ್ಲಿ ನಿಂತಿರುವ ಹಳೆಯ ಸೇತುವೆಯ ಕಂಬಗಳೇ ಸಾಕ್ಷಿ. ಅಗಲದ ಹೊಳೆಯನ್ನು ಅವರು ಸಾಲುಸಾಲು ಕಂಬ ನೆಟ್ಟು ಚಿಕ್ಕಚಿಕ್ಕ ಅಂತರಗಳಾಗಿ ಒಡೆದರು. ಮೇಲಿನ ಹಾಸು ಹೋಗಿದೆ. ಪ್ರವಾಹಗಳನ್ನು ಕಂಡ ಕಂಬಗಳು ಇವೆ.

ಇಂದಿನ ತೂಗುಸೇತುವೆಗೆ ನಡುಗಂಬ ಬೇಕಿಲ್ಲ. ಎಳೆತವನ್ನು ಉಕ್ಕಿನ ಹಗ್ಗ ಹೊರುತ್ತದೆ, ಪ್ರತಿಯಾಗಿ ದಡದಲ್ಲಿ ಎತ್ತರದ ಗೋಪುರ ಕೇಳುತ್ತದೆ. ಹಂಪಿಯ ಬಳಿ ವಿರೂಪಾಪುರಗಡ್ಡೆಗೆ ಹೀಗೊಂದು ಕಾಲುಸೇತುವೆ, ತಳವಾರಘಟ್ಟದಲ್ಲಿ ವಾಹನ ಸೇತುವೆ ಏಳತೊಡಗಿದಾಗ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಕಾಲುಸೇತುವೆಯನ್ನು ಬಿಚ್ಚಲಾಯಿತು; 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ವಾಹನ ಸೇತುವೆ 2009ರ ಜನವರಿಯಲ್ಲಿ, ಇನ್ನೂ ಕಟ್ಟುತ್ತಿದ್ದಾಗಲೇ ಕುಸಿದು ಕಾರ್ಮಿಕರ ಜೀವ ತೆಗೆಯಿತು.

ವಿಜಯನಗರದ ಕಾಲದ ಆ ಕಾಲುವೆಗಳ ಆಧುನೀಕರಣಕ್ಕೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ನೆರವು ನೀಡಿದೆ. ರೈತರಿಗೆ ನೀರು ಸೋರದೆ ತಲುಪಬೇಕು, ನಿಜ. ಆದರೆ ಎರಡು ಮೀಟರ್ ಕಾಲುವೆಯನ್ನು ಮೂರಕ್ಕೆ ಅಗಲಿಸಿ ಅಷ್ಟೇ ದಪ್ಪದ ಚಪ್ಪಡಿ ಹಾಸಿದರೆ, ಅದರ ಸ್ವಂತ ಭಾರದ ಎಳೆತ ಎರಡೂಕಾಲು ಪಟ್ಟು ಏರುತ್ತದೆ. ಆ ಲೆಕ್ಕವನ್ನು ಎಂಜಿನಿಯರ್ ಅಗೆಯುವ ಮೊದಲೇ ಹಾಕಬೇಕು.