ಅಗ್ಗದ ಸ್ವಯಂಸಂಚಾರಿ ರೋಬೋಟ್: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಉಗ್ರಾಣದಿಂದ ಯಂತ್ರಗಳವರೆಗೆ ಬಿಡಿಭಾಗಗಳನ್ನು ಸಾಗಿಸುತ್ತ, ದಾರಿಯನ್ನು ತಾನೇ ಕಂಡುಕೊಳ್ಳುವ ರೋಬೋಟ್ ಬೃಹತ್ ಉದ್ಯಮಗಳ ಸ್ವತ್ತೆಂಬ ಭಾವನೆ ಸಣ್ಣ ಉದ್ಯಮಿಗಳಲ್ಲಿ ಇಂದಿಗೂ ಇದೆ. 2010ರಲ್ಲಿ ಅಮೆರಿಕದ ವಿಲ್ಲೋ ಗರಾಜ್ ಸಂಸ್ಥೆಯು ಮಾರಾಟಕ್ಕಿಟ್ಟ ಪಿಆರ್2 ರೋಬೋಟಿನ ಬೆಲೆ 4 ಲಕ್ಷ ಡಾಲರ್ ಆಗಿತ್ತು. ಅದೇ ಸಂಸ್ಥೆಯಲ್ಲಿ ಬಳಿಕ ರೂಪುಗೊಂಡ ಟರ್ಟಲ್‌ಬಾಟ್‌ಗೆ ಸಿದ್ಧ ಚಕ್ರಪೀಠ, ವಿಡಿಯೋ ಆಟಕ್ಕೆಂದು ತಯಾರಾದ ಕಿನೆಕ್ಟ್ ಕ್ಯಾಮೆರಾ ಮತ್ತು ಒಂದು ಲ್ಯಾಪ್‌ಟಾಪ್ ಸಾಕಾದವು. ಪಿಆರ್2ಗಿದ್ದ ಎರಡು ತೋಳುಗಳು ಇದಕ್ಕಿರಲಿಲ್ಲ. ಆದರೆ ಎರಡನ್ನೂ ನಡೆಸಿದ್ದು ರಾಸ್ ಎಂಬ ಒಂದೇ ಮುಕ್ತ ತಂತ್ರಾಂಶ.

ದಾರಿ ತಿಳಿಯುವ ಬಗೆ

ಚಕ್ರಗಳ ಸುತ್ತುಗಳನ್ನು ಎನ್‌ಕೋಡರ್ ಎಣಿಸುತ್ತದೆ. ಅದರಿಂದ ಕ್ರಮಿಸಿದ ದೂರ ಹಾಗೂ ತಿರುವು ತಿಳಿಯುತ್ತವೆ. ಆದರೆ ಈ ಲೆಕ್ಕವೊಂದನ್ನೇ ನಂಬುವಂತಿಲ್ಲ. ಚಕ್ರಗಳ ನಡುವೆ 40 ಸೆಂ.ಮೀ. ಅಂತರವಿದ್ದು, ಎಣ್ಣೆ ಚೆಲ್ಲಿದ ನೆಲದಲ್ಲಿ ಒಂದು ಚಕ್ರ ಕೇವಲ 1 ಸೆಂ.ಮೀ. ಜಾರಿದರೂ ದಿಕ್ಕು ಸುಮಾರು 1.4 ಡಿಗ್ರಿ ತಪ್ಪುತ್ತದೆ. ಮುಂದೆ 10 ಮೀಟರ್ ಸಾಗುವಷ್ಟರಲ್ಲಿ ರೋಬೋಟ್ 25 ಸೆಂ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಈ ದೋಷವನ್ನು ತಿದ್ದುವುದು ಲೈಡಾರ್. ಅದು ಲೇಸರ್ ಕಿರಣದಿಂದ ಗೋಡೆ, ಕಂಬಗಳ ದೂರವನ್ನು ಅಳೆದು, ಮೊದಲೇ ರಚಿಸಿಟ್ಟ ನಕ್ಷೆಯೊಡನೆ ಹೋಲಿಸಲು ನೆರವಾಗುತ್ತದೆ.

ಉಳಿತಾಯದ ಅವಕಾಶ

ನಕ್ಷೆ ರಚನೆ ಹಾಗೂ ಮಾರ್ಗ ನಿರ್ಧಾರದ ತಂತ್ರಾಂಶಕ್ಕೆ ಪರವಾನಗಿ ಶುಲ್ಕ ತೆರಬೇಕಿಲ್ಲ. ರಾಸ್‌ನ ಮೊದಲ ಪೀಳಿಗೆಗೆ ಬೆಂಬಲವು 2025ರ ಮೇ ತಿಂಗಳಲ್ಲಿ ಕೊನೆಗೊಂಡಿರುವುದರಿಂದ ಹೊಸ ಯೋಜನೆಗಳನ್ನು ರಾಸ್ 2ರಲ್ಲಿಯೇ ಆರಂಭಿಸುವುದು ಸೂಕ್ತ. ಚೌಕಟ್ಟು, ಚಕ್ರ ಮತ್ತು ಹೊದಿಕೆಗಳನ್ನು ಸ್ಥಳೀಯ ಫ್ಯಾಬ್ರಿಕೇಷನ್ ಘಟಕಗಳಲ್ಲಿಯೇ ಮಾಡಿಸಬಹುದು.

ಉಳಿತಾಯ ಸಲ್ಲದ ಅಂಶ

ಅಗ್ಗದ ಲೈಡಾರ್ ಸಾಮಾನ್ಯವಾಗಿ ಒಂದೇ ಎತ್ತರದಲ್ಲಿ ನೋಡುತ್ತದೆ. ನೆಲಮಟ್ಟದ ಫೋರ್ಕ್‌ಲಿಫ್ಟ್ ಕವಲು, ಹೊರಚಾಚಿದ ಮೇಜಿನ ಅಂಚು ಅದಕ್ಕೆ ಕಾಣದೇ ಹೋಗಬಹುದು. ಗಾಜು ಅದನ್ನು ವಂಚಿಸಬಲ್ಲದು. ದಾರಿ ತೋರುವ ಸಂವೇದಕವೇ ಕಾರ್ಮಿಕರ ರಕ್ಷಣೆಗೂ ಸಾಕೆಂದು ಭಾವಿಸುವುದು ಅಪಾಯಕರ. ಚಾಲಕರಹಿತ ಕೈಗಾರಿಕಾ ವಾಹನಗಳ ಸುರಕ್ಷತೆಗಾಗಿ ಐಎಸ್‌ಒ 3691-4 ಮಾನದಂಡವು 2020ರಲ್ಲಿ ಪ್ರಕಟವಾಗಿದೆ. ಪ್ರಮಾಣೀಕೃತ ಸುರಕ್ಷತಾ ಸ್ಕ್ಯಾನರ್, ತಂತ್ರಾಂಶವನ್ನು ಅವಲಂಬಿಸದ ತುರ್ತು ನಿಲುಗಡೆ ಗುಂಡಿ ಮತ್ತು ಸಮರ್ಥ ಬ್ರೇಕ್‌ಗೆ ತಗಲುವ ಹಣವನ್ನು ಯೋಜನಾ ವೆಚ್ಚದಲ್ಲಿ ಮೊದಲೇ ಸೇರಿಸಬೇಕು.

ಪ್ರಯೋಗಾಲಯದ ರೋಬೋಟ್ ದಾರಿ ತಪ್ಪಿದರೆ ಮತ್ತೆ ನಡೆಸಿ ನೋಡಬಹುದು. ಕಾರ್ಖಾನೆಯಲ್ಲಿ ಅದರ ದಾರಿಗೆ ಅಡ್ಡ ಬರುವವರು ನಮ್ಮ ಕಾರ್ಮಿಕರು. ಆದ್ದರಿಂದ ಅದು ಎಷ್ಟು ಚೆನ್ನಾಗಿ ಚಲಿಸುತ್ತದೆ ಎಂಬುದಕ್ಕಿಂತ ಎಷ್ಟು ಖಚಿತವಾಗಿ ನಿಲ್ಲುತ್ತದೆ ಎಂಬುದನ್ನು ಉದ್ಯಮಿಗಳು ಮೊದಲು ಪರೀಕ್ಷಿಸಬೇಕು.