ಶುಲ್ಕ 64 ಸಾವಿರ, ಕಾಯುವುದು ಮೂರೂವರೆ ವರ್ಷ

ಮಗುವನ್ನು ದತ್ತು ಪಡೆಯಬೇಕೆಂದಿರುವವರು ಮೊದಲು ಕೇಳುವುದು ಶುಲ್ಕ ಎಷ್ಟು ಎಂದು. ಇದಕ್ಕೆ ಉತ್ತರ ಸುಲಭ: ಒಟ್ಟು 64,000 ರೂಪಾಯಿ. ಆದರೆ ಮನೆಯ ಖರ್ಚಿನ ಪುಸ್ತಕದಲ್ಲಿ ಅತಿ ದೊಡ್ಡ ಮೊತ್ತ ಇದಲ್ಲ. ದುಡಿಯುವ ಹೆಣ್ಣುಮಗಳು ಅಮ್ಮನಾದಾಗ ಸಂಬಳವಿಲ್ಲದೆ ರಜೆ ಹಾಕಬೇಕಾಗಿ ಬಂದರೆ ಅದು ಇದಕ್ಕಿಂತ ದೊಡ್ಡದು. ಅದನ್ನು ಯಾರೂ ಮುಂಚಿತವಾಗಿ ಲೆಕ್ಕ ಹಾಕಿ ಹೇಳುವುದಿಲ್ಲವಾದ್ದರಿಂದ ಇಲ್ಲಿ ಹಾಕಿದ್ದೇನೆ.

ಮೊದಲು ಶುಲ್ಕದ ವಿಚಾರ ಮುಗಿಸೋಣ. 2022ರ ದತ್ತು ನಿಯಮಾವಳಿಯಂತೆ ಗೃಹ ಅಧ್ಯಯನಕ್ಕೆ, ಅಂದರೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುವುದಕ್ಕೆ, 6,000 ರೂಪಾಯಿ. ಮಗುವನ್ನು ಒಪ್ಪಿ ಕರೆದುಕೊಂಡು ಹೋಗುವಾಗ ವಿಶೇಷ ದತ್ತು ಸಂಸ್ಥೆಯ ಪಾಲನಾ ನಿಧಿಗೆ 50,000. ಆಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆಯಂತೆ ನಾಲ್ಕು ಅನುಸರಣಾ ಭೇಟಿ, ಭೇಟಿಗೆ 2,000. ಇದರ ಮೇಲೆ ದೇಣಿಗೆ, ಕಾಣಿಕೆ ಎಂದು ಒಂದು ರೂಪಾಯಿಯನ್ನೂ ಯಾರೂ ಕೇಳುವಂತಿಲ್ಲ, ನೀವೂ ಕೊಡುವಂತಿಲ್ಲ. 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಹೊರಡಿಸುವುದು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ. ಹಾಗಾಗಿ ವಕೀಲರ ಫೀಸೂ ಇಲ್ಲ.

ಈ 64 ಸಾವಿರವನ್ನು ಇನ್ನೊಂದು ಕಾರಣಕ್ಕೂ ನೆನಪಿಡಬೇಕು. 'ಇಂಥ ನರ್ಸಿಂಗ್ ಹೋಮಿನಲ್ಲಿ ಒಂದು ಕೂಸಿದೆ, ಇಷ್ಟು ಲಕ್ಷ ಕೊಟ್ಟರೆ ಜನನ ಪ್ರಮಾಣಪತ್ರವನ್ನೇ ನಿಮ್ಮ ಹೆಸರಿಗೆ ಮಾಡಿಸಿಕೊಡ್ತೀವಿ' ಎನ್ನುವವರು ಕಾದು ಕಾದು ಸೋತ ದಂಪತಿಗಳನ್ನೇ ಹುಡುಕಿಕೊಂಡು ಬರುತ್ತಾರೆ. ಅದು ದತ್ತು ಅಲ್ಲ, ಮಗುವಿನ ಮಾರಾಟ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ದಂಡ. ಆಸ್ಪತ್ರೆಯವರೇ ಮಾರಿದ್ದರೆ ಮೂರರಿಂದ ಏಳು ವರ್ಷ. ಎಲ್ಲಕ್ಕಿಂತ ಮಿಗಿಲಾಗಿ, ಆ ಮಗುವಿಗೆ ತಾನು ಯಾರ ಹೊಟ್ಟೆಯಲ್ಲಿ ಹುಟ್ಟಿದೆ ಎಂದು ತಿಳಿಯುವ ದಾರಿಯೇ ಶಾಶ್ವತವಾಗಿ ಮುಚ್ಚಿಹೋಗುತ್ತದೆ.

ಇನ್ನು ಸರದಿ. ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ 'ಕಾರಾ'ದ ಲೆಕ್ಕದಂತೆ 2010-11ರಲ್ಲಿ ದೇಶ-ವಿದೇಶ ಸೇರಿ 6,321 ಮಕ್ಕಳು ದತ್ತು ಹೋಗಿದ್ದರು. 2022-23ಕ್ಕೆ ಅದು 3,441ಕ್ಕೆ ಕುಸಿಯಿತು. 2023-24ರಲ್ಲಿ 4,009, 2024-25ರಲ್ಲಿ 4,515. ಏರುತ್ತಿದೆ ನಿಜ, ಆದರೂ 2010-11ರ ಮಟ್ಟ ಮುಟ್ಟಿಲ್ಲ. ಇತ್ತ ಕಾಯುವವರ ಪಟ್ಟಿ ಬೆಳೆದಿದೆ. 2025ರ ನಡುವಿನ ಹೊತ್ತಿಗೆ ನೋಂದಾಯಿಸಿಕೊಂಡ ಅರ್ಜಿದಾರರು 36 ಸಾವಿರಕ್ಕೂ ಹೆಚ್ಚು, ಕಾನೂನುಬದ್ಧವಾಗಿ ದತ್ತಿಗೆ ಮುಕ್ತರಾದ ಮಕ್ಕಳು 2,600ರ ಆಸುಪಾಸು. ಒಂದು ಮಗುವಿಗೆ ಹೆಚ್ಚುಕಡಿಮೆ ಹದಿನಾಲ್ಕು ಮನೆ. ಆ ಮಕ್ಕಳಲ್ಲೂ ಬಹಳಷ್ಟು ಮಂದಿ ಸ್ವಲ್ಪ ದೊಡ್ಡವರು, ಇಲ್ಲವೇ ವಿಶೇಷ ಆರೈಕೆ ಬೇಕಾದವರು. ಅರ್ಜಿ ಹಾಕುವವರಲ್ಲಿ ಹೆಚ್ಚಿನವರು ಕೇಳುವುದು ಎರಡು ವರ್ಷದೊಳಗಿನ ಆರೋಗ್ಯವಂತ ಕೂಸು. ಅಂಥ ಕೂಸಿಗೆ ಕಾಯುವ ಅವಧಿ ಈಗ ಸರಾಸರಿ ಮೂರೂವರೆ ವರ್ಷ.

ಹೀಗಿರುವಾಗ ತಡ ಮಾಡಿದಷ್ಟೂ ನಷ್ಟ. ಎರಡು ವರ್ಷದೊಳಗಿನ ಮಗು ಬೇಕೆಂದರೆ ಗಂಡ-ಹೆಂಡತಿಯ ವಯಸ್ಸಿನ ಮೊತ್ತ 85 ದಾಟಿರಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90, ನಾಲ್ಕರಿಂದ ಎಂಟಕ್ಕೆ 100, ಅದರ ಮೇಲಿನ ಮಕ್ಕಳಿಗೆ 110. ಒಬ್ಬರೇ ಪಡೆಯುವುದಾದರೆ ಕ್ರಮವಾಗಿ 40, 45, 50, 55. ನೋಂದಣಿಯ ದಿನದ ವಯಸ್ಸು ಲೆಕ್ಕಕ್ಕೆ ಬರುತ್ತದೆ. ಗಂಡನಿಗೆ 43, ಹೆಂಡತಿಗೆ 39 ಇದ್ದರೆ ಮೊತ್ತ 82. 'ಇನ್ನೂ ಎರಡು ಸಲ ಐವಿಎಫ್ ನೋಡಿಬಿಡೋಣ' ಎಂದು ಎರಡು ವರ್ಷ ಮುಂದೂಡಿದರೆ ಅದು 86 ಆಗುತ್ತದೆ, ಏಕೆಂದರೆ ಒಂದು ವರ್ಷ ಕಳೆದರೆ ಮೊತ್ತಕ್ಕೆ ಎರಡು ಸೇರುತ್ತದೆ. ಚಿಕಿತ್ಸೆ ನಡೆಯುತ್ತಿರುವಾಗಲೇ ದತ್ತಿನ ಮಾತನ್ನು ಮನೆಯಲ್ಲಿ ಎತ್ತಿ, ಅತ್ತೆ-ಮಾವ, ಅಪ್ಪ-ಅಮ್ಮ ಎಲ್ಲರೆದುರು ಬಿಚ್ಚಿ ಮಾತಾಡಿ ಎಂದೇ ನಾನು ಹೇಳುವುದು. ಗೃಹ ಅಧ್ಯಯನಕ್ಕೆ ಬಂದವರು ಟಿವಿ ಎಷ್ಟು ಇಂಚಿನದು ಎಂದು ನೋಡುವುದಿಲ್ಲ. ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಮಗುವನ್ನು ನೋಡಿಕೊಳ್ಳುವವರು ಯಾರು, ಮನೆಯ ಹಿರಿಯರು ಏನನ್ನುತ್ತಾರೆ, 'ನೀನು ದತ್ತು ಬಂದವಳು' ಎಂದು ಮಗುವಿಗೆ ಯಾವಾಗ, ಹೇಗೆ ಹೇಳುತ್ತೀರಿ ಎಂದು ಕೇಳುತ್ತಾರೆ.

ಮೂರೂವರೆ ವರ್ಷ ಆಮೆಯಂತೆ ಸಾಗುವ ಕಾಲ ಕೊನೆಯಲ್ಲಿ ಏಕಾಏಕಿ ಓಡತೊಡಗುತ್ತದೆ. ಒಂದು ದಿನ ಮೊಬೈಲಿಗೆ ಸಂದೇಶ ಬರುತ್ತದೆ. ಮಗುವಿನ ಫೋಟೊ, ಅಧ್ಯಯನ ವರದಿ, ವೈದ್ಯಕೀಯ ವರದಿ ನೋಡಿ ಕಾಯ್ದಿರಿಸಲು ಸಿಗುವುದು 48 ಗಂಟೆ. ಅಲ್ಲಿಂದ 30 ದಿನದೊಳಗೆ ಸಂಸ್ಥೆಗೆ ಹೋಗಿ ಮಗುವನ್ನು ಕಂಡು ಒಪ್ಪಿಕೊಳ್ಳಬೇಕು. ವೈದ್ಯಕೀಯ ವರದಿಯನ್ನು ಓದಿ ಹೇಳಬಲ್ಲ ಮಕ್ಕಳ ವೈದ್ಯರನ್ನು ಆಗ ಹುಡುಕಲು ಹೊರಟರೆ 48 ಗಂಟೆ ಸಾಲದು; ಮೊದಲೇ ಗೊತ್ತುಮಾಡಿಕೊಂಡಿರಬೇಕು. ಮಗು ಒಡಿಶಾದಲ್ಲೋ ಜಾರ್ಖಂಡಿನಲ್ಲೋ ಇದ್ದರೆ ಇಬ್ಬರ ಓಡಾಟ, ವಸತಿ, ಆದೇಶಕ್ಕಾಗಿ ಮತ್ತೊಮ್ಮೆ ಹೋಗಬೇಕಾಗಿ ಬಂದರೆ ಅದು, ಎಲ್ಲ ಸೇರಿ 40,000 ತೆಗೆದಿಡುವುದು ಕ್ಷೇಮ.

ಕೂಸು ಮನೆಗೆ ಬಂತೆನ್ನಿ. ತೂಕ 5 ಕೆಜಿ. ಪುಡಿ ಹಾಲು ಕುಡಿಯುವ ಶಿಶುವಿಗೆ ದಿನಕ್ಕೆ ಕೆಜಿಗೆ 150 ಮಿಲಿಲೀಟರ್ ಎಂಬುದು ರೂಢಿಯ ಅಳತೆ. ಅಂದರೆ 750 ಮಿಲಿ. 30 ಮಿಲಿ ನೀರಿಗೆ ಒಂದು ಚಮಚೆಯಂತೆ ದಿನಕ್ಕೆ 25 ಚಮಚೆ. ಡಬ್ಬಿಯೊಳಗೇ ಇರುವ ಆ ಪುಟ್ಟ ಚಮಚೆಯನ್ನು ತುಂಬಿ, ಚಾಕುವಿನ ಬೆನ್ನಿನಿಂದ ಮೇಲ್ಭಾಗ ಸಮ ಮಾಡಬೇಕು. ರಾಶಿ ಹಾಕಿದರೆ ಹೊಟ್ಟೆ ಕಟ್ಟುತ್ತದೆ, ಉಳಿಸಲು ಹೋಗಿ ನೀರು ಹೆಚ್ಚಿಸಿದರೆ ಮಗು ಸೊರಗುತ್ತದೆ. ಚಮಚೆಗೆ ನಾಲ್ಕೂವರೆ ಗ್ರಾಂ ಎಂದರೂ ದಿನಕ್ಕೆ 112 ಗ್ರಾಂ ಪುಡಿ. 400 ಗ್ರಾಮಿನ ಡಬ್ಬಿ ನಾಲ್ಕನೇ ದಿನ ಮಧ್ಯಾಹ್ನಕ್ಕೆ ಖಾಲಿ. ತಿಂಗಳಿಗೆ ಎಂಟೂವರೆ ಡಬ್ಬಿ, ಡಬ್ಬಿಗೆ 400 ರೂಪಾಯಿ ಹಿಡಿದರೆ 3,400. ಸಂಸ್ಥೆಯಲ್ಲಿ ಯಾವ ಪುಡಿ ಕೊಡುತ್ತಿದ್ದರೋ ಕೇಳಿಕೊಂಡು ಬಂದು ಕೆಲವು ದಿನ ಅದನ್ನೇ ಮುಂದುವರಿಸಿ. ಮನೆ, ಮಡಿಲು, ವಾಸನೆ ಎಲ್ಲ ಹೊಸದಾಗಿರುವಾಗ ಹಾಲಾದರೂ ಹಳೆಯದೇ ಇರಲಿ.

ಡಯಾಪರ್ ದಿನಕ್ಕೆ ಎಂಟು, ಒಂದಕ್ಕೆ 10 ರೂಪಾಯಿಯಂತೆ ತಿಂಗಳಿಗೆ 2,400. ಹಗಲು ಹಳೆ ಹತ್ತಿ ಸೀರೆಯ ಬಟ್ಟೆ ಕಟ್ಟಿದರೆ ಇದು ಅರ್ಧಕ್ಕಿಳಿಯುತ್ತದೆ. ಲಸಿಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪೂರ್ತಿ ಉಚಿತ; ಸಂಸ್ಥೆಯವರು ಕೊಡುವ ಲಸಿಕೆ ಚೀಟಿಯನ್ನು ಆಶಾ ಕಾರ್ಯಕರ್ತೆಗೆ ತೋರಿಸಿದರೆ ಮುಂದಿನ ಸರದಿ ಯಾವಾಗ ಎಂದು ಅವರೇ ಹೇಳುತ್ತಾರೆ. ವೈದ್ಯರು, ಔಷಧಿ ಎಂದು 1,200 ಸೇರಿಸಿದರೆ ತಿಂಗಳಿಗೆ 7,000.

ಈಗ ರಜೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ದತ್ತು ತಾಯಿಗೆ ಕೊಟ್ಟದ್ದು 12 ವಾರ, ಅದೂ ಮಗು ಮೂರು ತಿಂಗಳೊಳಗಿನದಾಗಿದ್ದರೆ ಮಾತ್ರ. ಲೆಕ್ಕ ಹಾಕಿ ನೋಡಿ. ಹೆತ್ತವರು ಮಗುವನ್ನು ಒಪ್ಪಿಸಿದರೆ ಮನಸ್ಸು ಬದಲಿಸಲು ಅವರಿಗೆ 60 ದಿನ. ಸಿಕ್ಕ ಮಗುವಾದರೆ ಹೆತ್ತವರನ್ನು ಹುಡುಕಿ, ಮುಕ್ತವೆಂದು ಘೋಷಿಸಲು ಮಕ್ಕಳ ಕಲ್ಯಾಣ ಸಮಿತಿಗೆ ಎರಡು ತಿಂಗಳು. ಅದರ ಮೇಲೆ ಕಾಯ್ದಿರಿಸುವುದಕ್ಕೆ ಎರಡು ದಿನ, ಒಪ್ಪುವುದಕ್ಕೆ 30 ದಿನ. ಹುಟ್ಟಿದ ದಿನವೇ ಸಂಸ್ಥೆಗೆ ಬಂದ ಕೂಸೂ ಅಮ್ಮನ ಕೈ ಸೇರುವ ಹೊತ್ತಿಗೆ ಸಾಮಾನ್ಯವಾಗಿ ಮೂರು ತಿಂಗಳು ದಾಟಿರುತ್ತದೆ. ಆಗಿನ ಈ ಮಿತಿಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋದದ್ದು ಸಹಜವೇ. ಕೇಂದ್ರ ಸರ್ಕಾರಿ ನೌಕರರಿಗಾದರೆ ಒಂದು ವರ್ಷದೊಳಗಿನ ಮಗುವನ್ನು ಪಡೆದಾಗ ತಾಯಿಗೆ 180 ದಿನ, ತಂದೆಗೆ 15 ದಿನ ಸಿಗುತ್ತದೆ. ಖಾಸಗಿ ಕೆಲಸದಲ್ಲಿರುವವರು ತಮ್ಮ ಕಚೇರಿಯ ನಿಯಮವನ್ನು ಸರದಿಯಲ್ಲಿರುವಾಗಲೇ ಬರಹದಲ್ಲಿ ಕೇಳಿ ಪಡೆದಿಟ್ಟುಕೊಳ್ಳಬೇಕು.

ರಜೆ ಸಿಗದೆ, 35,000 ಸಂಬಳದವರೊಬ್ಬರು ಮೂರು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿ ಉಳಿದರೆ ಕೈತಪ್ಪುವುದು 1,05,000. ಶುಲ್ಕ 64,000, ಓಡಾಟ 40,000, ಹಾಸಿಗೆ-ಬಟ್ಟೆ-ಬಾಟಲಿ ಎಂದು 25,000, ಮೊದಲ ಮೂರು ತಿಂಗಳ ಖರ್ಚು 21,000. ಒಟ್ಟು 2,55,000. ಕಾಯುವ 42 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 6,000 ರೂಪಾಯಿಯ ಆರ್‌ಡಿ. ನೋಂದಣಿಯಾದ ತಿಂಗಳೇ ಅದನ್ನು ಶುರು ಮಾಡಿ. ಮೂರು ತಿಂಗಳ ರಜೆಯನ್ನು ಮಾತ್ರ ಉಳಿತಾಯದ ಹೆಸರಿನಲ್ಲಿ ಕತ್ತರಿಸಬೇಡಿ. ಆಯಾಗಳ ಕೈಯಿಂದ ಕೈಗೆ ಹೋದ ಮಗುವಿಗೆ ಮೊದಲು ಬೇಕಾದದ್ದು ದಿನವಿಡೀ ಅದೇ ಮುಖ, ಅದೇ ದನಿ.

ಎಲ್ಲರೂ ಕೂಸಿಗೇ ಕಾಯಬೇಕೆಂದೇನಿಲ್ಲ. ಸಂಸ್ಥೆಗಳಲ್ಲಿರುವ ಆರು ವರ್ಷ ಮೇಲಿನ ಮಕ್ಕಳನ್ನು ಪೋಷಕತ್ವದ (ಫಾಸ್ಟರ್ ಕೇರ್) ಮೇಲೆ ಮನೆಗೆ ಕರೆತರಬಹುದು. 2024ರ ಮಾದರಿ ಮಾರ್ಗಸೂಚಿಯಿಂದ 35ರಿಂದ 60ರೊಳಗಿನ ಒಂಟಿ ಮಹಿಳೆ, ಪುರುಷರಿಗೂ ಅವಕಾಶವಿದೆ. ಒಂಟಿ ಪುರುಷರು ಗಂಡುಮಕ್ಕಳನ್ನು ಮಾತ್ರ ಕರೆತರಬಹುದು. ಎರಡು ವರ್ಷ ಜೊತೆಗಿದ್ದ ಮಗುವನ್ನು ಆಮೇಲೆ ದತ್ತು ಪಡೆಯಬಹುದು. ಮೊದಲು ಇದಕ್ಕೆ ಐದು ವರ್ಷ ಬೇಕಿತ್ತು. ಮಿಷನ್ ವಾತ್ಸಲ್ಯದಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವುಂಟು, ದಿನಕ್ಕೆ 133. ದಿನಕ್ಕೆ ಅರ್ಧ ಲೀಟರ್ ಹಾಲಿಗೇ ತಿಂಗಳಿಗೆ ಏಳುನೂರರ ಸುಮಾರು ಹೋಗುವಾಗ ಈ ಹಣ ಸಾಲುವುದಿಲ್ಲ. ಇಷ್ಟೇ ಮೊತ್ತ ಮೇಲೆ ಸೇರಿಸುವ ಶಕ್ತಿ ಇದ್ದವರು ಮುಂದುವರಿಯುವುದು ಒಳ್ಳೆಯದು. ಮೊದಲ ತಿಂಗಳ ಪಟ್ಟಿಯಲ್ಲಿ ಡಬ್ಬಿ, ಡಯಾಪರ್ ಬದಲು ಕಣ್ಣು, ಹಲ್ಲು, ರಕ್ತ ಪರೀಕ್ಷೆ, ಶಾಲೆಯ ವರ್ಗಾವಣೆ ಪತ್ರ, ಮಗುವಿನದೇ ಆದ ಒಂದು ಬೀರು, ಬೇಕಿದ್ದರೆ ಆಪ್ತಸಮಾಲೋಚಕರ ಶುಲ್ಕ ಇರುತ್ತವೆ. ವಿಚಾರಿಸಬೇಕಾದ ಜಾಗ ಆಯಾ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ.